ದಿಮ್ಮಿಯ ದಾರಿ

ಶಾಲೆಯ ಕೊಠಡಿಯಲ್ಲಿ ಕುಳಿತ ವಿದ್ಯಾರ್ಥಿಗಳ ಸುತ್ತಲೂ ಮರವಿರುತ್ತದೆ. ಕುಳಿತ ಬೆಂಚು, ಬರೆಯುವ ಕಾಗದ, ಕೈಯಲ್ಲಿರುವ ಪೆನ್ಸಿಲು, ಕೊಠಡಿಯ ಬಾಗಿಲು ಇವೆಲ್ಲವೂ ಹಿಂದೊಮ್ಮೆ ಯಾವುದೋ ಕಾಡಿನಲ್ಲಿಯೋ ನೆಡುತೋಪಿನಲ್ಲಿಯೋ ನಿಂತಿದ್ದ ಮರಗಳೇ. ನಿಂತ ಮರವು ಬೆಂಚಾಗುವುದಕ್ಕೆ ಮೊದಲು ಎರಡು ಘಟ್ಟಗಳನ್ನು ದಾಟಬೇಕು. ಒಂದು ಕಡಿತ, ಇನ್ನೊಂದು ಸಾಗಣೆ. ಯಾವ ಮರವನ್ನು, ಎಲ್ಲಿ, ಯಾವ ವರ್ಷ ಕಡಿಯಬೇಕು? ಕಡಿದ ದಿಮ್ಮಿಯನ್ನು ಯಾವ ದಾರಿಯಲ್ಲಿ, ಯಾವ ಕಾರ್ಖಾನೆಗೆ ಒಯ್ಯಬೇಕು? ಸುಲಭವೆಂದು ತೋರುವ ಈ ಪ್ರಶ್ನೆಗಳು ಬಹುಕಾಲದಿಂದ ಅರಣ್ಯಶಾಸ್ತ್ರಜ್ಞರನ್ನೂ ಗಣಿತಜ್ಞರನ್ನೂ ಚಿಂತನೆಗೆ ಹಚ್ಚಿವೆ. ಇಂದು ಇವುಗಳ ಉತ್ತರವನ್ನು ಹುಡುಕುವ ಕಾರ್ಯದಲ್ಲಿ ಗಣಕಯಂತ್ರವು ಮಾನವನಿಗೆ ನೆರವಾಗುತ್ತಿದೆ. ಆ ನೆರವು ಎಂತಹುದು, ಅದರ ಎಲ್ಲೆ ಯಾವುದು ಎಂಬುದನ್ನು ಅರಿಯುವುದು ಉಪಯುಕ್ತವಾಗಿದೆ.

ಮರವು ಬಹಳ ಭಾರವಾದ ವಸ್ತು. ಆಗತಾನೆ ಕಡಿದ ಹಸಿ ದಿಮ್ಮಿಯಲ್ಲಿ ನೀರಿನ ಅಂಶ ಹೆಚ್ಚಾಗಿರುತ್ತದೆ. ಅದರ ಒಂದು ಘನಮೀಟರು ಸುಮಾರು ಒಂದು ಟನ್ ತೂಗುವುದುಂಟು. ಇಂತಹ ಭಾರವನ್ನು ಬೆಟ್ಟದ ಇಳಿಜಾರಿನಿಂದ, ಕಣಿವೆಯ ಆಳದಿಂದ ಹೊರತರಬೇಕು. ಚಿನ್ನವನ್ನು ಎಷ್ಟು ದೂರ ಒಯ್ದರೂ ಅದರ ಬೆಲೆಯ ಮುಂದೆ ಸಾಗಣೆಯ ವೆಚ್ಚವು ಅಲ್ಪವೆನಿಸುತ್ತದೆ. ಮರದ ವಿಷಯ ಹಾಗಲ್ಲ. ಅದರ ಬೆಲೆಯಲ್ಲಿ ದೊಡ್ಡ ಪಾಲನ್ನು ದಾರಿಯೇ ನುಂಗಿಬಿಡುತ್ತದೆ. ಆದ್ದರಿಂದ ಕಡಿತದ ಪ್ರಶ್ನೆಯನ್ನು ಸಾಗಣೆಯ ಪ್ರಶ್ನೆಯಿಂದ ಬೇರ್ಪಡಿಸಲು ಬರುವುದಿಲ್ಲ.

ಹಿಂದಿನ ಕಾಲದಲ್ಲಿ ಈ ಭಾರವನ್ನು ಹೊರುವ ಕೆಲಸವನ್ನು ನದಿಗಳು ಮಾಡುತ್ತಿದ್ದುವು. ಉತ್ತರ ಯೂರೋಪಿನಲ್ಲಿಯೂ ಉತ್ತರ ಅಮೆರಿಕದಲ್ಲಿಯೂ ಚಳಿಗಾಲದಲ್ಲಿ ಕಡಿದ ಮರಗಳನ್ನು ಹೊಳೆಯ ದಂಡೆಯಲ್ಲಿ ಒಟ್ಟುತ್ತಿದ್ದರು. ವಸಂತದಲ್ಲಿ ಹಿಮ ಕರಗಿ ಹೊಳೆ ಉಕ್ಕಿದಾಗ ಅವುಗಳನ್ನು ನೀರಿಗೆ ಉರುಳಿಸುತ್ತಿದ್ದರು. ದಿಮ್ಮಿಗಳು ತೇಲುತ್ತ ಕಾರ್ಖಾನೆಯ ಬಾಗಿಲಿಗೆ ಬಂದು ಮುಟ್ಟುತ್ತಿದ್ದುವು. ಸ್ವೀಡನ್ ದೇಶದ ಕ್ಲಾರೆಲ್ವೆನ್ ನದಿಯಲ್ಲಿ ಈ ಪದ್ಧತಿ 1991ರವರೆಗೂ ಉಳಿದಿತ್ತು. ನದಿಯಿದ್ದಾಗ ದಾರಿಯನ್ನು ಆರಿಸುವ ಸಮಸ್ಯೆಯೇ ಇರಲಿಲ್ಲ. ನೀರು ಹರಿದುದೇ ದಾರಿ, ನೀರಿಗೆ ಸಮೀಪವಾದುದೇ ಕಡಿಯುವ ಕಾಡು. ರೈಲು ಮತ್ತು ಲಾರಿಗಳು ಬಂದ ಮೇಲೆ ಸ್ಥಿತಿ ಬದಲಾಯಿತು. ರಸ್ತೆಯನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದಾಯಿತು. ಆಯ್ಕೆಗಳು ಹೆಚ್ಚಿದಂತೆ ಆರಿಸುವ ಕಷ್ಟವೂ ಹೆಚ್ಚಿತು.

ಎಷ್ಟು ಕಡಿಯಬೇಕು ಎಂಬ ಪ್ರಶ್ನೆ ಇದಕ್ಕಿಂತ ಹಳೆಯದು. ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ ಗಣಿಗಾರಿಕೆ ಹೆಚ್ಚಿದಾಗ ಲೋಹವನ್ನು ಕರಗಿಸುವ ಕುಲುಮೆಗಳಿಗೆ ಅಪಾರ ಸೌದೆ ಬೇಕಾಯಿತು, ಕಾಡು ಕರಗತೊಡಗಿತು. ಅಲ್ಲಿನ ಗಣಿ ಇಲಾಖೆಯ ಅಧಿಕಾರಿಯಾಗಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ ಎಂಬಾತನು 1713ರಲ್ಲಿ ಅರಣ್ಯವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಬೆಳೆದಷ್ಟನ್ನೇ ಕಡಿಯಬೇಕು, ಕಡಿದಲ್ಲಿ ಮತ್ತೆ ಬೆಳೆಸಬೇಕು ಎಂಬುದು ಅವನ ವಾದದ ತಿರುಳು. ಇದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಮರವು ಬಲಿಯಲು 60 ವರ್ಷ ಬೇಕಾದರೆ ಕಾಡನ್ನು 60 ಸಮಭಾಗಗಳಾಗಿ ವಿಂಗಡಿಸಿ, ವರ್ಷಕ್ಕೆ ಒಂದು ಭಾಗವನ್ನು ಕಡಿದು ಮತ್ತೆ ನೆಡಬೇಕು. ಕೊನೆಯ ಭಾಗದ ಕಡಿತವು ಮುಗಿಯುವ ಹೊತ್ತಿಗೆ ಮೊದಲ ಭಾಗವು ಪುನಃ ಬಲಿತಿರುತ್ತದೆ. ಈ ಜರ್ಮನ್ ಪರಂಪರೆಯೇ ಭಾರತಕ್ಕೂ ಬಂದಿತು. 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ ಡೀಟ್ರಿಶ್ ಬ್ರಾಂಡಿಸ್ ಜರ್ಮನಿಯವನು. ವರ್ಷದ ಕಡಿತಕ್ಕೆಂದು ಗುರುತಿಸಿದ ಕಾಡಿನ ತುಂಡನ್ನು ನಮ್ಮ ಅರಣ್ಯ ಇಲಾಖೆಯವರು ‘ಕೂಪು’ ಎಂದು ಕರೆಯುವುದು ವಾಡಿಕೆ.

ಆದರೆ ನಿಜವಾದ ಕಾಡು ಚದುರಂಗದ ಹಾಸಿನಂತೆ ಸಮನಾಗಿ ಇರುವುದಿಲ್ಲ. ಒಂದು ಭಾಗದಲ್ಲಿ ಬಲಿತ ಮರಗಳು, ಮತ್ತೊಂದರಲ್ಲಿ ಎಳೆಯ ಸಸಿಗಳು. ಒಂದೆಡೆ ಫಲವತ್ತಾದ ನೆಲ, ಇನ್ನೊಂದೆಡೆ ಬಂಡೆ. ಕೆಲವು ಕೂಪುಗಳು ರಸ್ತೆಯ ಬದಿಯಲ್ಲಿದ್ದರೆ ಕೆಲವು ಗುಡ್ಡದ ಆಚೆ ಇರುತ್ತವೆ. ಗುಡ್ಡದ ಆಚೆಯ ಕೂಪನ್ನು ತಲಪಲು ಹೊಸ ರಸ್ತೆ ಬೇಕು. ಆ ರಸ್ತೆಯು ಒಂದೇ ಕೂಪಿಗೆ ಉಪಯೋಗವಾದರೆ ನಷ್ಟ. ಅದರ ಇಕ್ಕೆಲಗಳಲ್ಲಿರುವ ನಾಲ್ಕಾರು ಕೂಪುಗಳನ್ನು ಅದೇ ಕಾಲದಲ್ಲಿ ಕಡಿದರೆ ಲಾಭ. ಆದರೆ ಅಕ್ಕಪಕ್ಕದ ಕೂಪುಗಳನ್ನೆಲ್ಲ ಒಮ್ಮೆಗೇ ಬೋಳು ಮಾಡಿದರೆ ಮಣ್ಣು ಕೊಚ್ಚಿಹೋಗುತ್ತದೆ, ವನ್ಯಜೀವಿಗಳು ನೆಲೆ ತಪ್ಪುತ್ತವೆ. ಹೀಗೆ ಒಂದು ತೀರ್ಮಾನವು ಇನ್ನೊಂದನ್ನು ಹಿಡಿದು ಎಳೆಯುತ್ತದೆ.

ರಸ್ತೆಗಳ ನಡುವಣ ಅಂತರವೂ ಇಂತಹದೇ ಸಮಸ್ಯೆ. ಕಡಿದ ದಿಮ್ಮಿಯನ್ನು ಬುಡದಿಂದ ರಸ್ತೆಯವರೆಗೆ ಆನೆಯಿಂದಲೋ ಟ್ರಾಕ್ಟರಿನಿಂದಲೋ ಉಕ್ಕಿನ ಹಗ್ಗದಿಂದಲೋ ಎಳೆದು ತರಬೇಕು. ರಸ್ತೆಗಳು ಹತ್ತಿರ ಹತ್ತಿರವಿದ್ದರೆ ಎಳೆಯುವ ವೆಚ್ಚ ಕಡಿಮೆ, ರಸ್ತೆ ಮಾಡುವ ವೆಚ್ಚ ಹೆಚ್ಚು. ದೂರ ದೂರವಿದ್ದರೆ ರಸ್ತೆಯ ವೆಚ್ಚ ಕಡಿಮೆ, ಎಳೆಯುವ ವೆಚ್ಚ ಹೆಚ್ಚು. ಎರಡರ ಮೊತ್ತವು ಎಲ್ಲಿ ಅತಿ ಕಡಿಮೆಯಾಗುವುದೋ ಅದೇ ಸೂಕ್ತವಾದ ಅಂತರ. ಅಮೆರಿಕದ ಅರಣ್ಯಶಾಸ್ತ್ರಜ್ಞ ಡಿ. ಎಂ. ಮ್ಯಾಥ್ಯೂಸ್ 1942ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಲೆಕ್ಕಗಳನ್ನು ವಿವರಿಸಿದನು. ಸರಳವಾದ ಸಂದರ್ಭಗಳಲ್ಲಿ ಈ ಎರಡು ವೆಚ್ಚಗಳು ಪರಸ್ಪರ ಸಮನಾಗುವ ಕಡೆಯಲ್ಲಿಯೇ ಮೊತ್ತವು ಅತಿ ಕಡಿಮೆಯಾಗುತ್ತದೆ ಎಂಬುದು ಕುತೂಹಲಕರ.

ದಿಮ್ಮಿ ರಸ್ತೆಗೆ ಬಂದ ಮೇಲೆ ಲಾರಿಯ ಸರದಿ. ಹತ್ತಿರದ ಕಾರ್ಖಾನೆಗೆ ಒಯ್ದರೆ ಸಾಲದೇ ಎಂದು ಯಾರಿಗಾದರೂ ಅನ್ನಿಸೀತು. ಅದು ಸಾಲದು ಎಂಬುದನ್ನು ಒಂದು ಚಿಕ್ಕ ಉದಾಹರಣೆಯಿಂದ ಮನಗಾಣಬಹುದು. ಮೂಡಣ ಮತ್ತು ಪಡುವಣ ಎಂಬ ಎರಡು ಕೂಪುಗಳಿವೆ ಎಂದು ಭಾವಿಸೋಣ. ಪ್ರತಿಯೊಂದರಲ್ಲಿಯೂ ನೂರು ಲಾರಿಗಳಷ್ಟು ದಿಮ್ಮಿಯಿದೆ. ಹಲಗೆ ಕೊಯ್ಯುವ ಎರಡು ಕಾರ್ಖಾನೆಗಳಿವೆ; ಪ್ರತಿಯೊಂದಕ್ಕೂ ನೂರು ಲಾರಿ ದಿಮ್ಮಿ ಬೇಕು. ಮೂಡಣ ಕೂಪಿನಿಂದ ಮೊದಲ ಕಾರ್ಖಾನೆ 10 ಕಿಲೋಮೀಟರು, ಎರಡನೆಯದು 14 ಕಿಲೋಮೀಟರು. ಪಡುವಣ ಕೂಪಿನಿಂದ ಮೊದಲ ಕಾರ್ಖಾನೆ 12 ಕಿಲೋಮೀಟರು, ಎರಡನೆಯದು 30 ಕಿಲೋಮೀಟರು.

ಎಲ್ಲಕ್ಕಿಂತ ಸಮೀಪವಾದುದು ಮೂಡಣ ಕೂಪಿನಿಂದ ಮೊದಲ ಕಾರ್ಖಾನೆಗೆ ಇರುವ ದಾರಿ. ಅದನ್ನೇ ಹಿಡಿದರೆ ಪಡುವಣ ಕೂಪಿನ ದಿಮ್ಮಿಯೆಲ್ಲ ಎರಡನೆಯ ಕಾರ್ಖಾನೆಗೆ ಹೋಗಬೇಕಾಗುತ್ತದೆ. ತುಂಬಿದ ಲಾರಿಗಳು ಓಡುವ ಒಟ್ಟು ದೂರ 1000 ಮತ್ತು 3000, ಅಂದರೆ 4000 ಕಿಲೋಮೀಟರು. ಇದರ ಬದಲು ಮೂಡಣ ಕೂಪಿನ ದಿಮ್ಮಿಯನ್ನು ಸ್ವಲ್ಪ ದೂರದ ಎರಡನೆಯ ಕಾರ್ಖಾನೆಗೂ, ಪಡುವಣ ಕೂಪಿನದನ್ನು ಮೊದಲ ಕಾರ್ಖಾನೆಗೂ ಕಳುಹಿಸಿದರೆ 1400 ಮತ್ತು 1200, ಅಂದರೆ 2600 ಕಿಲೋಮೀಟರು ಸಾಕು. ಮೂಡಣದ ಲಾರಿಗಳು ತಲಾ 4 ಕಿಲೋಮೀಟರು ಹೆಚ್ಚು ಓಡಿದ್ದರಿಂದ ಒಟ್ಟಿನಲ್ಲಿ 1400 ಕಿಲೋಮೀಟರು ಉಳಿಯಿತು. ಬಿಡಿಬಿಡಿಯಾಗಿ ನೋಡಿದಾಗ ಉತ್ತಮವೆನಿಸುವುದು ಒಟ್ಟಾಗಿ ನೋಡಿದಾಗ ಉತ್ತಮವಾಗಿರಬೇಕಾಗಿಲ್ಲ. ಇದೇ ಈ ಶಾಸ್ತ್ರದ ಮೊದಲ ಪಾಠ.

ಇಂತಹ ಲೆಕ್ಕಗಳಿಗೆ ಕ್ರಮಬದ್ಧವಾದ ಗಣಿತವನ್ನು ಒದಗಿಸಿದವರಲ್ಲಿ ರಷ್ಯದ ಲಿಯೊನಿಡ್ ಕಂತೊರೊವಿಚ್ ಮೊದಲಿಗನು. ಆ ಗಣಿತ ಹುಟ್ಟಿದುದೂ ಮರದ ಸಹವಾಸದಿಂದಲೇ. ಲೆನಿನ್‌ಗ್ರಾಡಿನ ಪ್ಲೈವುಡ್ ಉದ್ಯಮದವರು ತಮ್ಮ ಬೇರೆ ಬೇರೆ ಯಂತ್ರಗಳಿಗೆ ಬೇರೆ ಬೇರೆ ಜಾತಿಯ ಮರವನ್ನು ಹೇಗೆ ಹಂಚಿದರೆ ಹೆಚ್ಚು ಉತ್ಪಾದನೆಯಾಗುವುದೆಂದು ತಿಳಿಯಬಯಸಿದರು. ತರುಣ ಕಂತೊರೊವಿಚ್ ಆ ಸಮಸ್ಯೆಯನ್ನು ಕೈಗೆತ್ತಿಕೊಂಡು, ಅದನ್ನು ಬಿಡಿಸುವ ವಿಧಾನವನ್ನು 1939ರಲ್ಲಿ ಪ್ರಕಟಿಸಿದನು. 1947ರಲ್ಲಿ ಅಮೆರಿಕದ ಜಾರ್ಜ್ ಡಾಂಟ್‌ಜಿಗ್ ಸ್ವತಂತ್ರವಾಗಿ ‘ಸಿಂಪ್ಲೆಕ್ಸ್’ ಎಂಬ ವಿಧಾನವನ್ನು ರೂಪಿಸಿದನು. ಈ ಗಣಿತಕ್ಕೆ ಲೀನಿಯರ್ ಪ್ರೋಗ್ರಾಮಿಂಗ್ ಎಂದು ಹೆಸರು. ಸಂಪನ್ಮೂಲಗಳ ಸೂಕ್ತ ಹಂಚಿಕೆಯ ಸಿದ್ಧಾಂತಕ್ಕಾಗಿ 1975ರಲ್ಲಿ ಕಂತೊರೊವಿಚ್ ಮತ್ತು ಟ್ಯಾಲಿಂಗ್ ಕೂಪ್‌ಮನ್ಸ್ ಇಬ್ಬರಿಗೂ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಗಣಕಯಂತ್ರಕ್ಕೆ ಕಾಡನ್ನು ತಿಳಿಸಿಕೊಡುವ ಬಗೆ ಹೀಗಿದೆ. ಮೊದಲು ಕಾಡಿನ ನಕ್ಷೆಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿನ ಮರಗಳ ಜಾತಿ, ವಯಸ್ಸು, ನೆಲದ ಇಳಿಜಾರು ಇವುಗಳನ್ನು ದಾಖಲಿಸುತ್ತಾರೆ. ಆ ಮರಗಳು ಮುಂದೆ ಎಷ್ಟು ಬೆಳೆಯಬಹುದೆಂಬ ಅಂದಾಜನ್ನು ಸೇರಿಸುತ್ತಾರೆ. ಇರುವ ರಸ್ತೆಗಳನ್ನೂ ಮಾಡಬಹುದಾದ ರಸ್ತೆಗಳನ್ನೂ ಅವುಗಳ ವೆಚ್ಚವನ್ನೂ ಕೊಡುತ್ತಾರೆ. ಬಳಿಕ ನಿರ್ಬಂಧಗಳನ್ನು ವಿಧಿಸುತ್ತಾರೆ: ಕಾರ್ಖಾನೆಯ ಬೇಡಿಕೆ ಪೂರೈಸಬೇಕು, ಬೆಳೆಯುವುದಕ್ಕಿಂತ ಹೆಚ್ಚು ಕಡಿಯಬಾರದು, ಹೊಳೆಯ ದಂಡೆಯ ಮರಗಳನ್ನು ಮುಟ್ಟಬಾರದು. ಕೊನೆಯಲ್ಲಿ ಗುರಿಯನ್ನು ಹೇಳುತ್ತಾರೆ: ವೆಚ್ಚವು ಅತಿ ಕಡಿಮೆಯಾಗಬೇಕು. ಹೀಗೆ ಅಂಕಿಗಳಲ್ಲಿ ಕಟ್ಟಿದ ಕಾಡಿಗೆ ‘ಮಾದರಿ’ ಎನ್ನುತ್ತಾರೆ.

ಇಲ್ಲಿ ಬರುವ ಸಾಧ್ಯತೆಗಳ ಸಂಖ್ಯೆ ಬೆರಗು ಹುಟ್ಟಿಸುವಂತಹುದು. ಕೇವಲ 20 ಕೂಪುಗಳಿದ್ದು, ಪ್ರತಿಯೊಂದನ್ನೂ ಮುಂದಿನ ನಾಲ್ಕು ವರ್ಷಗಳಲ್ಲಿ ಯಾವುದಾದರೊಂದು ವರ್ಷ ಕಡಿಯಬಹುದು ಅಥವಾ ಕಡಿಯದೆಯೇ ಬಿಡಬಹುದು ಎಂದಿಟ್ಟುಕೊಂಡರೆ ಒಂದೊಂದು ಕೂಪಿಗೂ ಐದು ಆಯ್ಕೆಗಳಾದುವು. ಐದನ್ನು ಇಪ್ಪತ್ತು ಬಾರಿ ಗುಣಿಸಿದರೆ 95 ಲಕ್ಷ ಕೋಟಿಗೂ ಮೀರಿದ ಯೋಜನೆಗಳಾಗುತ್ತವೆ. ರಸ್ತೆಗಳಿಂದ ಇನ್ನೊಂದು ತೊಡಕು ಒದಗುತ್ತದೆ. ಅರ್ಧ ಲಾರಿ ದಿಮ್ಮಿಯನ್ನು ಕಳುಹಿಸಬಹುದು. ಅರ್ಧ ರಸ್ತೆಯನ್ನು ಮಾಡಿದರೆ ಅದು ಎಲ್ಲಿಗೂ ತಲಪದು. ಮಾಡಿದರೆ ಪೂರ್ತಿ ಮಾಡಬೇಕು, ಇಲ್ಲವೇ ಬಿಡಬೇಕು. ಇಂತಹ ‘ಪೂರ್ತಿ ಅಥವಾ ಇಲ್ಲ’ ಎಂಬ ಲೆಕ್ಕಗಳು ಗಣಕಯಂತ್ರಕ್ಕೂ ಕಠಿಣವಾದುವು. ಆದುದರಿಂದ ಎಲ್ಲ ಯೋಜನೆಗಳನ್ನೂ ಪರೀಕ್ಷಿಸದೆ, ಪ್ರಯೋಜನವಿಲ್ಲದ ಗುಂಪುಗಳನ್ನು ಒಟ್ಟಾಗಿ ಕೈಬಿಡುವ ಜಾಣ ವಿಧಾನಗಳನ್ನು ಗಣಿತಜ್ಞರು ರೂಪಿಸಿದ್ದಾರೆ.

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಈ ವಿದ್ಯೆಯ ಪ್ರಯೋಜನ ಎದ್ದು ಕಂಡಿತು. ಅಲ್ಲಿ ಕ್ಯಾಲಿಫೋರ್ನಿಯದ ಕರಾವಳಿಯಿಂದ ತಂದ ರೇಡಿಯಾಟ ಪೈನ್ ಮರದ ವಿಸ್ತಾರವಾದ ನೆಡುತೋಪುಗಳಿವೆ. ಆ ಮರವು ಸುಮಾರು 20ರಿಂದ 25 ವರ್ಷಗಳಲ್ಲಿ ಕಡಿತಕ್ಕೆ ಬರುತ್ತದೆ. ಹಿಂದೆ ಅಲ್ಲಿ ಲಾರಿಗಳು ತಮಗೆ ತೋಚಿದ ಹೊತ್ತಿಗೆ ಬಂದು ದಿಮ್ಮಿ ತುಂಬುವ ಸ್ಥಳಗಳಲ್ಲಿಯೂ ಕಾರ್ಖಾನೆಗಳ ಬಾಗಿಲಿನಲ್ಲಿಯೂ ಉದ್ದನೆಯ ಸಾಲುಗಳಲ್ಲಿ ಕಾಯುತ್ತಿದ್ದುವು. ಒಂದೆಡೆ ಲಾರಿಗಳು ಕಾದು ನಿಂತಿದ್ದರೆ ಇನ್ನೊಂದೆಡೆ ದಿಮ್ಮಿ ಎತ್ತುವ ಯಂತ್ರಗಳು ಕೆಲಸವಿಲ್ಲದೆ ನಿಂತಿರುತ್ತಿದ್ದುವು. ಚಿಲಿ ವಿಶ್ವವಿದ್ಯಾನಿಲಯದ ಆಂದ್ರೆಸ್ ವೈನ್‌ಟ್ರಾಬ್ ಮತ್ತು ಸಂಗಡಿಗರು ‘ಆಸಿಕಾಮ್’ ಎಂಬ ಕ್ರಮವಿಧಿಯನ್ನು ರಚಿಸಿದರು. ಯಾವ ಲಾರಿ ಎಷ್ಟು ಗಂಟೆಗೆ ಎಲ್ಲಿ ತುಂಬಿಕೊಂಡು ಎಲ್ಲಿ ಇಳಿಸಬೇಕೆಂಬ ಇಡೀ ದಿನದ ವೇಳಾಪಟ್ಟಿಯನ್ನು ಅದು ಕೆಲವೇ ನಿಮಿಷಗಳಲ್ಲಿ ಸಿದ್ಧಪಡಿಸುತ್ತಿತ್ತು. ಕಾಯುವ ಸಾಲುಗಳು ಕರಗಿದುವು. ಮೊದಲಿಗಿಂತ ಕಡಿಮೆ ಲಾರಿಗಳಿಂದಲೇ ಕೆಲಸ ಸಾಗಿತು. ‘ಪ್ಲಾನೆಕ್ಸ್’ ಎಂಬ ಇನ್ನೊಂದು ಕ್ರಮವಿಧಿಯು ದಿಮ್ಮಿ ಎಳೆಯುವ ಯಂತ್ರಗಳನ್ನು ಎಲ್ಲಿ ನಿಲ್ಲಿಸಬೇಕು, ಅಲ್ಲಿಗೆ ರಸ್ತೆ ಹೇಗೆ ಹೋಗಬೇಕು ಎಂಬುದನ್ನು ನಕ್ಷೆಯ ಮೇಲೆ ಗುರುತಿಸಲು ನೆರವಾಯಿತು. ಈ ಕಾರ್ಯಕ್ಕೆ 1998ರಲ್ಲಿ ಫ್ರಾಂಜ್ ಎಡೆಲ್‌ಮನ್ ಪ್ರಶಸ್ತಿ ಸಂದಿತು.

ಆಪತ್ತಿನ ಕಾಲದಲ್ಲಿಯೂ ಈ ವಿದ್ಯೆ ಕೈಹಿಡಿದುದುಂಟು. 2005ರ ಜನವರಿ 8 ಮತ್ತು 9ರಂದು ‘ಗುದ್ರುನ್’ ಎಂಬ ಬಿರುಗಾಳಿ ದಕ್ಷಿಣ ಸ್ವೀಡನ್ನಿನ ಮೇಲೆ ಎರಗಿತು. ಒಂದೇ ರಾತ್ರಿಯಲ್ಲಿ ಸುಮಾರು ಏಳೂವರೆ ಕೋಟಿ ಘನಮೀಟರು ಮರ ನೆಲಕ್ಕುರುಳಿತು. ಇದು ಹೆಚ್ಚುಕಡಿಮೆ ಇಡೀ ದೇಶವು ಒಂದು ವರ್ಷದಲ್ಲಿ ಕಡಿಯುವಷ್ಟು ಮರ. ಬಿದ್ದ ಮರವನ್ನು ಬೇಸಿಗೆಯೊಳಗೆ ಸಾಗಿಸದಿದ್ದರೆ ತೊಗಟೆ ಕೊರೆಯುವ ದುಂಬಿಗಳು ಅದರಲ್ಲಿ ವಂಶ ಬೆಳೆಸಿ, ನಿಂತಿದ್ದ ಮರಗಳಿಗೂ ದಾಳಿ ಇಡುವ ಭಯವಿತ್ತು. ಸರಕಾರಿ ಒಡೆತನದ ಸ್ವೇಸ್ಕೋಗ್ ಸಂಸ್ಥೆಯು ‘ಫ್ಲೋಆಪ್ಟ್’ ಎಂಬ ಕ್ರಮವಿಧಿಯ ನೆರವಿನಿಂದ ತನ್ನ ಪಾಲಿನ ದಿಮ್ಮಿಗಳ ಸಾಗಣೆಯನ್ನು ಯೋಜಿಸಿತು. ಯಾವುದನ್ನು ಲಾರಿಯಲ್ಲಿ, ಯಾವುದನ್ನು ರೈಲಿನಲ್ಲಿ ಕಳುಹಿಸಬೇಕು, ಯಾವುದನ್ನು ಸಂಗ್ರಹಿಸಿಡಬೇಕು ಎಂಬುದನ್ನು ಲೆಕ್ಕದಿಂದ ತೀರ್ಮಾನಿಸಿತು. ತತ್‌ಕ್ಷಣ ಬೇಡವಾದ ದಿಮ್ಮಿಗಳನ್ನು ಬೃಹತ್ ರಾಶಿಗಳಾಗಿ ಒಟ್ಟಿ, ಒಣಗಿ ಕೆಡದಂತೆ ಅವುಗಳ ಮೇಲೆ ನೀರು ಚಿಮುಕಿಸುತ್ತಿದ್ದರು.

ಇಷ್ಟೆಲ್ಲ ಪ್ರಯೋಜನವಿದ್ದರೂ ಮಾದರಿಯೇ ಕಾಡಲ್ಲ. ಈ ವ್ಯತ್ಯಾಸವನ್ನು ಅಮೆರಿಕದ ಅನುಭವವು ಸ್ಪಷ್ಟಪಡಿಸಿತು. 1976ರಲ್ಲಿ ಅಲ್ಲಿ ರಾಷ್ಟ್ರೀಯ ಅರಣ್ಯ ನಿರ್ವಹಣಾ ಕಾಯಿದೆ ಜಾರಿಗೆ ಬಂದಿತು. ಪ್ರತಿಯೊಂದು ರಾಷ್ಟ್ರೀಯ ಅರಣ್ಯಕ್ಕೂ ಯೋಜನೆ ಸಿದ್ಧವಾಗಬೇಕಾಯಿತು. ಅದಕ್ಕಾಗಿ ಅರಣ್ಯ ಸೇವಾ ಇಲಾಖೆಯು ‘ಫೋರ್‌ಪ್ಲಾನ್’ ಎಂಬ ಕ್ರಮವಿಧಿಯನ್ನು ಆರಿಸಿಕೊಂಡಿತು. ಒಂದೇ ಬಗೆಯ, ಒಂದೇ ವಯಸ್ಸಿನ ಮರಗಳಿರುವ ತುಂಡುಗಳು ಎಲ್ಲೆಲ್ಲಿ ಚದುರಿದ್ದರೂ ಅವುಗಳನ್ನು ಒಂದೇ ವರ್ಗವೆಂದು ಸೇರಿಸಿ ಲೆಕ್ಕ ಹಾಕುವುದು ಅದರ ಸಾಮಾನ್ಯ ಕ್ರಮವಾಗಿತ್ತು. ಆದ್ದರಿಂದ ಎಷ್ಟು ಎಕರೆ ಕಡಿಯಬಹುದು ಎಂಬುದನ್ನು ಅದು ಹೇಳುತ್ತಿತ್ತೇ ಹೊರತು, ಯಾವ ಗುಡ್ಡದಲ್ಲಿ, ಯಾವ ಹೊಳೆಯ ಬದಿಯಲ್ಲಿ ಎಂಬುದನ್ನು ಸರಿಯಾಗಿ ಹೇಳಲಾರದಾಗಿತ್ತು. ಕಾಯಿದೆಯಡಿ ಬಂದ ನಿಯಮಗಳ ಪ್ರಕಾರ ಆರೆಗಾನ್, ವಾಷಿಂಗ್ಟನ್ ಮುಂತಾದ ರಾಜ್ಯಗಳ ಡಗ್ಲಸ್ ಫರ್ ಕಾಡುಗಳಲ್ಲಿ ಒಮ್ಮೆಗೆ ಬೋಳಾಗಿ ಕಡಿಯುವ ತುಂಡು ಸಾಮಾನ್ಯವಾಗಿ 60 ಎಕರೆಯನ್ನು ಮೀರುವಂತಿರಲಿಲ್ಲ. ಇಂತಹ ನಿಯಮಗಳನ್ನು ಪಾಲಿಸುತ್ತ ನೆಲದ ಮೇಲೆ ಕೂಪುಗಳನ್ನು ಗುರುತಿಸತೊಡಗಿದಾಗ ಕಾಗದದ ಮೇಲಿನ ಲೆಕ್ಕವು ಕಾಡಿಗೆ ಹೊಂದಲಿಲ್ಲ.

ಆ ಕಾಡುಗಳ ಹಳೆಯ ಮರಗಳ ನಡುವೆ ಚುಕ್ಕೆಯ ಗೂಬೆಯೊಂದು ವಾಸಿಸುತ್ತದೆ. ಪುರಾತನ ಮರಗಳ ಕಾಡು ಕಡಿಮೆಯಾದಂತೆ ಅದರ ಸಂತತಿಯೂ ಕ್ಷೀಣಿಸಿತು. 1990ರಲ್ಲಿ ಅದನ್ನು ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. 1994ರಲ್ಲಿ ವಾಯವ್ಯ ಅರಣ್ಯ ಯೋಜನೆಯು ಜಾರಿಗೆ ಬಂದು, ಅಲ್ಲಿನ ಸರಕಾರಿ ಕಾಡುಗಳ ಕಡಿತವು ಹಿಂದಿನದಕ್ಕಿಂತ ಬಹಳಷ್ಟು ಇಳಿಯಿತು. ಕಡಿತವನ್ನೇ ನಂಬಿದ್ದ ಊರುಗಳ ಕೆಲಸಗಾರರು ಕಷ್ಟಕ್ಕೆ ಸಿಲುಕಿದರು. ಚಿಲಿಯಲ್ಲಿಯೂ ನೆಡುತೋಪುಗಳಿರುವ ಪ್ರದೇಶದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾಪುಚೆ ಜನರು ತಮ್ಮ ಭೂಮಿಯ ಹಕ್ಕಿಗಾಗಿ ಹೋರಾಡುತ್ತ ಬಂದಿದ್ದಾರೆ. ಲಾರಿಗಳ ವೇಳಾಪಟ್ಟಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಆ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಯಂತ್ರವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಲೆಕ್ಕಕ್ಕೆ ಸೇರಿಸದುದು ಅದರ ಪಾಲಿಗೆ ಇಲ್ಲವೇ ಇಲ್ಲ.

ಹಾಗೆಂದು ಮಾದರಿಯನ್ನು ತ್ಯಜಿಸುವುದು ವಿವೇಕವಲ್ಲ. ಅದನ್ನು ಇನ್ನೊಂದು ಬಗೆಯಲ್ಲಿಯೂ ಬಳಸಬಹುದು. ಹೊಳೆಯ ಎರಡು ದಂಡೆಗಳಲ್ಲಿ ಮರಗಳನ್ನು ಉಳಿಸಬೇಕೆಂಬ ನಿರ್ಬಂಧವನ್ನು ಹಾಕಿ ಒಮ್ಮೆ, ಹಾಕದೆ ಒಮ್ಮೆ ಲೆಕ್ಕ ಮಾಡಿದರೆ ಎರಡು ಉತ್ತರಗಳು ದೊರೆಯುತ್ತವೆ. ಅವುಗಳ ವ್ಯತ್ಯಾಸವೇ ಹೊಳೆಯನ್ನು ಕಾಪಾಡಲು ತೆರಬೇಕಾದ ಬೆಲೆ. ಹೊಳೆಯ ಮೌಲ್ಯವೆಷ್ಟು ಎಂಬುದನ್ನು ಯಂತ್ರವು ಹೇಳಲಾರದು. ಆದರೆ ಅದನ್ನು ಉಳಿಸಿಕೊಳ್ಳಲು ಎಷ್ಟು ವೆಚ್ಚವಾದೀತು ಎಂಬುದನ್ನು ಮುಚ್ಚುಮರೆಯಿಲ್ಲದೆ ಮುಂದಿಡಬಲ್ಲದು. ಬಹುಬಾರಿ ಆ ವೆಚ್ಚವು ಜನರು ಹೆದರಿದ್ದಕ್ಕಿಂತ ಕಡಿಮೆಯಾಗಿರಬಹುದು. ಕೆಲವು ಬಾರಿ ಹೆಚ್ಚೂ ಆಗಿರಬಹುದು. ಅದನ್ನು ತಿಳಿದು ತೀರ್ಮಾನ ಮಾಡುವುದಕ್ಕೂ ತಿಳಿಯದೆ ಮಾಡುವುದಕ್ಕೂ ಬಹಳ ಅಂತರವಿದೆ.

ಭಾರತದಲ್ಲಿ 1988ರ ರಾಷ್ಟ್ರೀಯ ಅರಣ್ಯ ನೀತಿಯು ಪರಿಸರದ ಸಮತೋಲನವನ್ನು ಕಾಪಾಡುವುದೇ ಅರಣ್ಯದ ಮುಖ್ಯ ಉದ್ದೇಶವೆಂದೂ, ಅದರಿಂದ ಬರುವ ಆದಾಯವು ಆ ಬಳಿಕದ ಮಾತೆಂದೂ ಸಾರಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅನುಮೋದಿತವಾದ ಕಾರ್ಯಯೋಜನೆಗೆ ಅನುಸಾರವಾಗಿಯಲ್ಲದೆ ಅರಣ್ಯದಲ್ಲಿ ಮರ ಕಡಿಯಕೂಡದೆಂದು ಆದೇಶವಿತ್ತಿತು. ಗುರಿ ಬದಲಾದಾಗ ಲೆಕ್ಕದ ಉತ್ತರವೂ ಬದಲಾಗುತ್ತದೆ. ಹೆಚ್ಚು ಮರವನ್ನು ಹೊರತರುವ ದಾರಿ ಯಾವುದೆಂದು ಕೇಳಿದರೆ ಒಂದು ನಕ್ಷೆ. ಕಾಡು, ಹೊಳೆ, ಊರು ಮೂರೂ ಉಳಿಯುವಂತೆ ಮರವನ್ನು ಹೊರತರುವ ದಾರಿ ಯಾವುದೆಂದು ಕೇಳಿದರೆ ಇನ್ನೊಂದು ನಕ್ಷೆ.

ಕೋಟ್ಯಂತರ ಯೋಜನೆಗಳಲ್ಲಿ ಒಂದನ್ನು ಹೆಕ್ಕಿ ಕೊಡುವ ಶಕ್ತಿ ಇಂದು ಯಂತ್ರಕ್ಕೆ ಬಂದಿದೆ. ಏನನ್ನು ಉಳಿಸಬೇಕು, ಯಾರಿಗೆ ಅನ್ಯಾಯವಾಗಬಾರದು, ಮುಂದಿನ ತಲೆಮಾರಿಗೆ ಎಷ್ಟನ್ನು ಬಿಡಬೇಕು ಎಂಬ ಪ್ರಶ್ನೆಗಳು ಮಾತ್ರ ಮಾನವನ ಪಾಲಿಗೇ ಉಳಿದಿವೆ. ಇಂದು ನೆಟ್ಟ ಸಸಿಯು ಬಲಿತು ದಿಮ್ಮಿಯಾಗುವ ಹೊತ್ತಿಗೆ ಅದನ್ನು ನೆಟ್ಟವರು ವೃದ್ಧರಾಗಿರುತ್ತಾರೆ. ಅದರ ದಾರಿಯನ್ನು ಆಗ ನಿರ್ಧರಿಸುವವರು ಇಂದು ಶಾಲೆಯ ಬೆಂಚಿನ ಮೇಲೆ ಕುಳಿತು ಗಣಿತವನ್ನು ಕಲಿಯುತ್ತಿರುವ ಮಕ್ಕಳೇ.